ನಮ್ಮ ಮಗುವನ್ನು ಯಾರ ಕೈಗೆ ಒಪ್ಪಿಸೋಣ?



ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದ ಕೊನೆಯಲ್ಲಿ ಒಂದು ಪುಟ್ಟ ಘಟನೆ ಬರುತ್ತದೆ. ಕಿವಿ ಕೇಳಿಸದ, ಮಾತು ತೊದಲುವ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಪ್ರಭು ಅವನನ್ನು ಜನಸಂದಣಿಯಿಂದ ಬೇರೆಯಾಗಿ ಕರೆದೊಯ್ಯುತ್ತಾರೆ. ಕಿವಿ ಕೇಳಿಸದವನಿಗೆ ಮಾತಿನಿಂದ ಏನು ತಿಳಿದೀತು? ಆದುದರಿಂದ ಮೊದಲು ಅವನ ಕಿವಿಯನ್ನೂ ನಾಲಿಗೆಯನ್ನೂ ಮುಟ್ಟುತ್ತಾರೆ. ಆಕಾಶದತ್ತ ಕಣ್ಣೆತ್ತಿ ನಿಟ್ಟುಸಿರಿಡುತ್ತಾರೆ. ಆ ನಂತರವೇ ಮಾತನಾಡುತ್ತಾರೆ. ಎಲ್ಲವೂ ಮುಗಿದ ಮೇಲೆ, ಇದನ್ನು ಯಾರಿಗೂ ಹೇಳಕೂಡದೆಂದು ಜನರಿಗೆ ಅಪ್ಪಣೆ ಮಾಡುತ್ತಾರೆ. ನಾವು ಅದ್ಭುತವನ್ನು ನೆನಪಿಟ್ಟುಕೊಳ್ಳುತ್ತೇವೆ. ಅದು ನಡೆದ ರೀತಿಯನ್ನು ಮರೆಯುತ್ತೇವೆ. ಇಂದು ನಮ್ಮ ಕೆಲವು ಮನೆಗಳನ್ನು ಕಾಡುತ್ತಿರುವ ಒಂದು ಪ್ರಶ್ನೆಗೆ ಆ ರೀತಿಯೇ ದಾರಿದೀಪವಾಗಬಲ್ಲದು.

ಸತ್ಯನಾರಾಯಣಪೇಟೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮೂರು ವರ್ಷದ ಮಗ ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಆಟದ ಕಾರನ್ನು ಓಡಿಸುವ ಬದಲು ಅದರ ಚಕ್ರವನ್ನಷ್ಟೇ ಗಂಟೆಗಟ್ಟಲೆ ತಿರುಗಿಸುತ್ತಾನೆ. ಕುಕ್ಕರಿನ ಸಿಳ್ಳೆ ಕೇಳಿದರೆ ಕಿವಿ ಮುಚ್ಚಿಕೊಂಡು ಚೀರುತ್ತಾನೆ. ಅವರಪ್ಪನೂ ತಡವಾಗಿಯೇ ಮಾತು ಕಲಿತನೆಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಮೊಬೈಲು ಕೊಟ್ಟು ಕೆಡಿಸಿದೆಯೆಂದು ನೆಂಟರು ತಾಯಿಯನ್ನು ದೂರುತ್ತಾರೆ. ಕೊನೆಗೆ ವೈದ್ಯರು ಪರೀಕ್ಷಿಸಿ, ಇದು ಆಟಿಸಂ, ನಡವಳಿಕೆಯ ತರಬೇತಿ ಆರಂಭಿಸಿರಿ ಎನ್ನುತ್ತಾರೆ. ಆ ದಿನದಿಂದ ತಂದೆತಾಯಿಯ ಹುಡುಕಾಟ ಆರಂಭವಾಗುತ್ತದೆ. ಒಂದೆಡೆ ಆರು ತಿಂಗಳಲ್ಲಿ ಮಾತು ಬರಿಸುವ ಭರವಸೆ. ಇನ್ನೊಂದೆಡೆ ತಿಂಗಳಿಗಿಷ್ಟು ಎಂಬ ಪ್ಯಾಕೇಜು. ಮತ್ತೊಂದೆಡೆ ಬೆಂಗಳೂರಿಗೆ ಮನೆ ಬದಲಾಯಿಸಿರೆಂಬ ಸಲಹೆ. ಯಾರನ್ನು ನಂಬುವುದು?

ಕನ್ನಡದಲ್ಲಿ ಸ್ವಲೀನತೆ ಎಂದು ಕರೆಯಲಾಗುವ ಆಟಿಸಂ ಬಂದು ಹೋಗುವ ರೋಗವಲ್ಲ. ಅದು ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. 1943ರಲ್ಲಿ ಅಮೆರಿಕದಲ್ಲಿದ್ದ ವೈದ್ಯ ಲಿಯೊ ಕ್ಯಾನರ್ 11 ಮಕ್ಕಳ ವಿವರಗಳೊಡನೆ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಆದರೆ ನಂತರದ ದಶಕಗಳಲ್ಲಿ ಒಂದು ದೊಡ್ಡ ಅನ್ಯಾಯ ನಡೆಯಿತು. ತಾಯಿಯ ಪ್ರೀತಿ ತಣ್ಣಗಿದ್ದುದೇ ಇದಕ್ಕೆ ಕಾರಣವೆಂಬ ಮಾತು ಹಬ್ಬಿತು. 1967ರಲ್ಲಿ ಬ್ರೂನೊ ಬೆಟಲ್‌ಹೈಮ್ ಪ್ರಕಟಿಸಿದ ಪುಸ್ತಕ ಆ ಮಾತಿಗೆ ಬಲ ಕೊಟ್ಟಿತು. ಈ ಅಭಿಪ್ರಾಯ ಸುಳ್ಳೆಂದು ವಿಜ್ಞಾನ ಎಂದೋ ತೀರ್ಮಾನಿಸಿದೆ. ಆದರೂ ನಮ್ಮ ಮನೆಗಳಲ್ಲಿ ಅದು ಬೇರೆ ಬೇರೆ ವೇಷದಲ್ಲಿ ಬದುಕಿದೆ. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವರು ಯಾರು, ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಪ್ರಭು ಆ ಪ್ರಶ್ನೆಯನ್ನೇ ತಿರಸ್ಕರಿಸಿದರೆಂಬುದನ್ನು ಸಂತ ಯೊವಾನ್ನ ಒಂಬತ್ತನೆಯ ಅಧ್ಯಾಯದಲ್ಲಿ ದಾಖಲಿಸಿದ್ದಾನೆ. ಅವಮಾನದಿಂದ ಬಳಲುವ ತಂದೆತಾಯಿ, ತಮ್ಮ ಮಗು ಬೇಗನೆ ಇತರರಂತೆ ಕಾಣಬೇಕೆಂದು ಬಯಸುತ್ತಾರೆ. ಅವಸರದ ಆ ಬಯಕೆಯನ್ನೇ ಬಂಡವಾಳ ಮಾಡಿಕೊಳ್ಳುವವರು ಇದ್ದಾರೆ.

ಹೀಗಾಗಿ ಯಾವ ಕೇಂದ್ರ ಒಳ್ಳೆಯದು ಎಂದು ಕೇಳುವುದಕ್ಕೆ ಮೊದಲು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಈ ತರಬೇತಿ ಯಾರ ಸಲುವಾಗಿ? ಮಗುವಿನ ಬದುಕು ಹಗುರಾಗಲೆಂದೋ, ನಮ್ಮ ನಾಚಿಕೆ ಹಗುರಾಗಲೆಂದೋ?

ನಡವಳಿಕೆ ಚಿಕಿತ್ಸೆಯ ಮೂಲ ತತ್ವ ಸರಳವಾದುದು. ಮಗು ಚೀರುವ ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು ಎಂಬ ಮೂರನ್ನು ಗಮನಿಸುವುದು. ಕೈ ತೊಳೆಯುವಂತಹ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು ಕಲಿಸುವುದು. ಕಲಿತ ಪ್ರತಿ ಹೆಜ್ಜೆಗೂ ಮೆಚ್ಚುಗೆ ನೀಡುವುದು. ತನಗೆ ನೀರು ಬೇಕೆಂದು ಕೈಸನ್ನೆಯಿಂದಲಾದರೂ ತಿಳಿಸಲು ಕಲಿತ ಮಗು ತಲೆ ಬಡಿದುಕೊಳ್ಳುವುದನ್ನು ನಿಲ್ಲಿಸಬಹುದು. ಇದು ಅಲ್ಪ ಲಾಭವಲ್ಲ. ಆದರೆ ಈ ಪದ್ಧತಿಯ ಇತಿಹಾಸದಲ್ಲಿ ಎಚ್ಚರಿಕೆಯ ಪಾಠವೂ ಇದೆ. 1987ರಲ್ಲಿ ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಐವರ್ ಲೊವಾಸ್ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ 40 ಗಂಟೆಗಳ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯಲ್ಲಿ ಇತರ ಮಕ್ಕಳಂತೆ ಕಲಿಯುವ ಮಟ್ಟ ತಲಪಿದರೆಂದು ಹೇಳಲಾಯಿತು. ಆ ಅಂಕೆ ಜಗತ್ತಿನಾದ್ಯಂತ ಹೆತ್ತವರ ಆಸೆಯನ್ನು ಬಡಿದೆಬ್ಬಿಸಿತು. ಆದರೆ ಅದು ಚಿಕ್ಕ ಅಧ್ಯಯನ. ಮಕ್ಕಳನ್ನು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಗುಂಪುಗಳಿಗೆ ಹಂಚಿರಲಿಲ್ಲ. ಗದರಿಕೆಯೂ ತೊಡೆಗೆ ಏಟೂ ಅಂದಿನ ವಿಧಾನದ ಭಾಗವಾಗಿದ್ದವು. ಬಾಲ್ಯದಲ್ಲಿ ಇಂತಹ ತರಬೇತಿಗೆ ಒಳಗಾಗಿ ಈಗ ವಯಸ್ಕರಾಗಿರುವ ಹಲವರು, ತಮ್ಮನ್ನು ಬಲವಂತವಾಗಿ ಕಣ್ಣಿಗೆ ಕಣ್ಣಿಟ್ಟು ನೋಡುವಂತೆ ಮಾಡಿದುದನ್ನೂ ಕೈ ಆಡಿಸಿದ್ದಕ್ಕೆ ತಡೆದುದನ್ನೂ ನೋವಿನಿಂದ ನೆನೆಯುತ್ತಾರೆ. ಮಗುವಿನ ಕೈ ಆಡಿಸುವಿಕೆಯಿಂದ ಯಾರಿಗೂ ಹಾನಿಯಿಲ್ಲ. ಅದು ಅವನ ಮನಸ್ಸಿಗೆ ನೆಮ್ಮದಿ ಕೊಡುತ್ತಿರಬಹುದು. ರಸ್ತೆಗೆ ಓಡುವುದನ್ನು ತಡೆಯಲೇಬೇಕು. ಈ ಎರಡರ ವ್ಯತ್ಯಾಸ ಬಲ್ಲವರೇ ನಿಜವಾದ ತರಬೇತುದಾರರು.

ಈಗ ಶುಭಸಂದೇಶದ ಆ ಘಟನೆಗೆ ಮರಳೋಣ. ಪ್ರಭು ಆ ಮನುಷ್ಯನನ್ನು ಗದ್ದಲದಿಂದ ದೂರ ಕರೆದೊಯ್ದರು. ನೀವು ನೋಡಲು ಹೋದ ಕೇಂದ್ರದಲ್ಲಿ ಕಿರಿದಾದ ಕೋಣೆಯೊಂದರಲ್ಲಿ ಹತ್ತು ಮಕ್ಕಳು ಒಟ್ಟಿಗೆ ಅಳುತ್ತಿದ್ದರೆ, ಸದ್ದಿಗೆ ಬೆದರುವ ನಿಮ್ಮ ಮಗು ಅಲ್ಲಿ ಏನು ಕಲಿತೀತು? ಆದರೆ ಏಕಾಂತವೆಂದರೆ ಮುಚ್ಚಿದ ಬಾಗಿಲಲ್ಲ. ಹೆತ್ತವರು ಒಳಗೆ ಕುಳಿತು ನೋಡಬಾರದು ಎನ್ನುವ ಕಡೆ ಮಗುವನ್ನು ಬಿಟ್ಟು ಬರಬೇಡಿರಿ. ಮಾತು ಬಾರದ ಮಗು ಮನೆಗೆ ಬಂದು ದೂರು ಹೇಳಲಾರದು. ಅದರ ಪರವಾಗಿ ನೋಡುವ ಕಣ್ಣು ನಿಮ್ಮದೇ ಆಗಿರಬೇಕು.

ಪ್ರಭು ಆ ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ, ಅಂದರೆ ಸ್ಪರ್ಶದಲ್ಲಿ, ಮೊದಲು ಮಾತನಾಡಿದರು. ನಮ್ಮ ಬಳ್ಳಾರಿಯ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಕೇಳುತ್ತಾ ಬೆಳೆಯುತ್ತದೆ. ಇಂತಹ ಮಗುವಿಗೆ ಇಂಗ್ಲಿಷನ್ನಷ್ಟೇ ಕಲಿಸಿರಿ, ಮನೆಮಾತನ್ನು ನಿಲ್ಲಿಸಿರಿ ಎಂಬ ಸಲಹೆ ಕೆಲವೆಡೆ ಕೇಳಿಬರುತ್ತದೆ. ಎರಡು ಭಾಷೆಗಳಿಂದ ಆಟಿಸಂ ಇರುವ ಮಕ್ಕಳಿಗೆ ಹಾನಿಯಾಗುವುದೆಂಬುದಕ್ಕೆ ಸಂಶೋಧನೆಯ ಆಧಾರವಿಲ್ಲ. ಅಜ್ಜಿಯೊಡನೆ ಮಾತನಾಡಲಾಗದ ಭಾಷೆಯನ್ನು ಮಾತ್ರ ಕಲಿತ ಮಗು ಇನ್ನಷ್ಟು ಒಂಟಿಯಾಗುವುದಿಲ್ಲವೇ? ಮಾತು ಬಾರದಿದ್ದರೆ ಚಿತ್ರಗಳು, ಕೈಸನ್ನೆಗಳು ಇವೆ. ಅವುಗಳಿಂದ ಮಾತು ನಿಂತುಹೋಗುವುದೆಂಬ ಭಯಕ್ಕೂ ಆಧಾರವಿಲ್ಲ.

ಪ್ರಭು ನಿಟ್ಟುಸಿರಿಟ್ಟರು, ಅವನ ಭಾರ ತಮ್ಮದಾಯಿತು. ಹೊಡೆಯುವ, ಕಟ್ಟಿಹಾಕುವ, ಹಸಿವಿನಿಂದಿಟ್ಟು ತಿಂಡಿಯ ಆಸೆ ತೋರಿಸುವ ಯಾವ ವಿಧಾನವನ್ನೂ ಕ್ರೈಸ್ತ ಮನಸ್ಸು ಒಪ್ಪಲಾಗದು, ಅದರ ಫಲ ಎಷ್ಟೇ ಆಕರ್ಷಕವಾಗಿದ್ದರೂ. ಹೆದರಿ ಸುಮ್ಮನಾದ ಮಗು ಕಲಿತ ಮಗುವಲ್ಲ.

ಕೊನೆಯದಾಗಿ, ಪ್ರಭು ಪ್ರಚಾರವನ್ನು ಬಯಸಲಿಲ್ಲ. ಪೂರ್ತಿ ಗುಣಪಡಿಸುತ್ತೇವೆ ಎನ್ನುವವರ ಮಾತೇ ಅವರನ್ನು ತಿರಸ್ಕರಿಸಲು ಸಾಕಾದ ಕಾರಣ. 2022ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿಯು ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದೆಂದೂ ಅದರ ಪ್ರಚಾರ ವೃತ್ತಿದುರ್ನಡತೆಯೆಂದೂ ಸ್ಪಷ್ಟಪಡಿಸಿತು. ಒಳ್ಳೆಯ ತರಬೇತುದಾರರು ಚಿಕ್ಕ ಗುರಿಗಳನ್ನು ಬರೆದುಕೊಡುತ್ತಾರೆ, ಮೂರು ತಿಂಗಳಿಗೊಮ್ಮೆ ಅವನ್ನು ಅಳೆದು ತೋರಿಸುತ್ತಾರೆ, ಫಲ ಕಾಣದಿದ್ದರೆ ವಿಧಾನ ಬದಲಿಸುತ್ತಾರೆ. 1992ರ ಕಾಯಿದೆಯಂತೆ ವಿಶೇಷ ಶಿಕ್ಷಕರೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರೂ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಅವರ ನೋಂದಣಿ ಸಂಖ್ಯೆಯನ್ನು ಕೇಳಿರಿ. ಕೇಳುವುದು ಅವಮಾನವಲ್ಲ, ಯೋಗ್ಯರಾದವರು ಸಂತೋಷದಿಂದ ತೋರಿಸುತ್ತಾರೆ.

ಇಷ್ಟನ್ನೆಲ್ಲ ಓದಿದ ತಂದೆಯೊಬ್ಬರು ಕೇಳಬಹುದು: ಇವೆಲ್ಲ ಆಯ್ಕೆ ಇರುವವರ ಮಾತಾಯಿತು. ಸಿರುಗುಪ್ಪದಲ್ಲಿಯೋ ಕುರುಗೋಡಿನಲ್ಲಿಯೋ ಇರುವ ನಮಗೆ ಆಯ್ಕೆ ಎಲ್ಲಿದೆ? ಈ ಪ್ರಶ್ನೆ ನ್ಯಾಯವಾದುದು. ಬೆಂಗಳೂರಿನ ನಿಮ್ಹಾನ್ಸ್ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ರಾತ್ರಿಯ ರೈಲು ಹತ್ತಿ ಹೋಗಿ ಸರಿಯಾದ ತಪಾಸಣೆ ಮಾಡಿಸಿ, ಮನೆಯಲ್ಲಿ ಮಾಡಬೇಕಾದುದನ್ನು ಕಲಿತು ಬರುವುದು ಸಾಧ್ಯ. ವಾರವಾರವೂ ಹೋಗುವುದು ಅಸಾಧ್ಯ. ಅದು ಬೇಕಾಗಿಯೂ ಇಲ್ಲ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಜ್ಞರಲ್ಲದ ಆದರೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಹೆತ್ತವರಿಗೆ ಮಾರ್ಗದರ್ಶನ ನೀಡಿದರು. ಹೆತ್ತವರು ಮಗುವಿಗೆ ಸ್ಪಂದಿಸುವ ರೀತಿ ಉತ್ತಮಗೊಂಡಿತು. ಮಕ್ಕಳು ತಾವಾಗಿಯೇ ಸಂವಹನಕ್ಕೆ ಮುಂದಾಗುವುದು ಹೆಚ್ಚಿತು. ದುಬಾರಿ ಕೇಂದ್ರವಿಲ್ಲದಿದ್ದರೆ ಎಲ್ಲವೂ ಮುಗಿಯಿತೆಂದು ಕೊರಗುವ ತಾಯಿಗೆ ಇದು ಸಮಾಧಾನದ ಸುದ್ದಿ. ಹತ್ತಿರದಲ್ಲಿ ಒಂದೇ ಕೇಂದ್ರವಿದ್ದು ಅದು ಪರಿಪೂರ್ಣವಲ್ಲದಿದ್ದರೂ, ಅಲ್ಲಿನವರು ಮಗುವನ್ನು ಗೌರವಿಸುವವರಾದರೆ, ನಿಮ್ಮ ಮಾತಿಗೆ ಕಿವಿಗೊಡುವವರಾದರೆ, ಅವರೊಡನೆ ಕೂಡಿ ನಡೆಯಿರಿ. ಕೌಶಲವನ್ನು ಕಲಿಯಬಹುದು; ಕ್ರೌರ್ಯದೊಡನೆ ಮಾತ್ರ ರಾಜಿ ಬೇಡ.

ಸರಕಾರದ ನೆರವನ್ನೂ ಕೇಳಿ ಪಡೆಯಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಬೆಳವಣಿಗೆಯ ತಪಾಸಣೆಗಾಗಿಯೇ ಇದೆ. ನಿಮ್ಮ ಅಂಗನವಾಡಿ ಕಾರ್ಯಕರ್ತೆಯನ್ನು ವಿಚಾರಿಸಿರಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ಬಗೆಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರ ಪಡೆಯುವುದು ಮಗುವಿಗೆ ಕಳಂಕವಲ್ಲ, ಹಕ್ಕು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮಾ ಯೋಜನೆಯಲ್ಲಿ ಒಂದು ಲಕ್ಷ ರೂಪಾಯಿಯವರೆಗಿನ ರಕ್ಷಣೆಯಿದ್ದು, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಒಂದು ಪಾಲಿದೆ.

ಆದರೂ ಒಂದು ಕಳವಳ ಉಳಿಯುತ್ತದೆ. ಇನ್ನೂ ಹೆಚ್ಚು ಮಾಡಬೇಕಿತ್ತೇ? ಹೊಲ ಮಾರಿ, ಕೆಲಸ ಬಿಟ್ಟು, ಇನ್ನಷ್ಟು ಗಂಟೆಗಳ ತರಬೇತಿ ಕೊಡಿಸಬೇಕಿತ್ತೇ? ಪ್ರೀತಿಯನ್ನು ಗಂಟೆಗಳಿಂದಲೂ ರೂಪಾಯಿಗಳಿಂದಲೂ ಅಳೆಯಲಾಗದು. ಅಣ್ಣನ ಥೆರಪಿಗಾಗಿ ಇಡೀ ಮನೆ ಓಡುತ್ತಿರುವಾಗ ಮೂಲೆಯಲ್ಲಿ ಮೌನವಾಗಿ ಕುಳಿತ ತಂಗಿಯೂ ದೇವರು ಕೊಟ್ಟ ಮಗುವೇ. ಬೆಳಗಿನಿಂದ ಸಂಜೆಯವರೆಗೆ ತಿದ್ದಿಸಿಕೊಳ್ಳುತ್ತಲೇ ಇರುವ ಮಗುವಿಗೆ, ತಿದ್ದುಪಡಿಯಿಲ್ಲದೆ ತನ್ನನ್ನು ಒಪ್ಪುವ ಒಂದು ಮಡಿಲೂ ಬೇಕು. ಆ ಮಡಿಲನ್ನು ಯಾವ ಕೇಂದ್ರವೂ ಬಾಡಿಗೆಗೆ ಕೊಡಲಾರದು.

ಈ ಮಾತು ಹೆತ್ತವರಿಗಷ್ಟೇ ಅಲ್ಲ. ಶುಭಸಂದೇಶದ ಆ ಮನುಷ್ಯ ತಾನಾಗಿ ಬರಲಿಲ್ಲ; ಅವನನ್ನು ಕರೆತಂದವರಿದ್ದರು. ಅವರ ಹೆಸರು ನಮಗೆ ತಿಳಿಯದು. ಧರ್ಮಕೇಂದ್ರದ ಕುಟುಂಬಗಳಾದ ನಮ್ಮ ಕೆಲಸ ಅವರದೇ. 2014ರ ನವೆಂಬರಿನಲ್ಲಿ ಆಟಿಸಂ ಕುರಿತು ವ್ಯಾಟಿಕನ್ನಿನಲ್ಲಿ ನಡೆದ ಸಮ್ಮೇಳನಕ್ಕೆ ಬಂದಿದ್ದ ಮಕ್ಕಳನ್ನೂ ಹೆತ್ತವರನ್ನೂ ಭೇಟಿ ಮಾಡಿದ ಅಂದಿನ ಜಗದ್ಗುರು ಫ್ರಾನ್ಸಿಸ್‌ರವರು, ಈ ಕುಟುಂಬಗಳನ್ನು ಆವರಿಸಿರುವ ಒಂಟಿತನವನ್ನೂ ಕಳಂಕದ ಭಾವನೆಯನ್ನೂ ಮುರಿಯಲು ಎಲ್ಲರೂ ಕೈಜೋಡಿಸಬೇಕೆಂದು ಕರೆ ನೀಡಿದರು. ಬಲಿಪೂಜೆಯ ನಡುವೆ ಮಗುವೊಂದು ಕೂಗಿದಾಗ ನಾವು ತಿರುಗಿ ನೋಡುವ ನೋಟದಲ್ಲಿ ಏನಿರುತ್ತದೆ? ಧರ್ಮೋಪದೇಶದ ತರಗತಿಯಲ್ಲಿ ಅವನಿಗೊಂದು ಸ್ಥಳವಿದೆಯೇ? ಥೆರಪಿಯ ದಿನ ತಂಗಿಯನ್ನು ನೋಡಿಕೊಳ್ಳಲು, ತಪಾಸಣೆಗೆ ಜೊತೆಯಾಗಿ ಹೋಗಲು ನಮ್ಮಲ್ಲಿ ಯಾರಾದರೂ ಮುಂದೆ ಬರುವರೇ?

ಮಗುವಿಗೆ ಕೈಹಿಡಿದು ಕಲಿಸುವವರನ್ನು ಎಚ್ಚರದಿಂದ ಆರಿಸಿರಿ. ನಾಲ್ಕು ಬಾರಿ ಕೇಳಿರಿ, ಎರಡು ಬಾರಿ ಹೋಗಿ ನೋಡಿರಿ, ಮನಸ್ಸು ಒಪ್ಪದಿದ್ದರೆ ಹಿಂಜರಿಯದೆ ಹೊರಬನ್ನಿರಿ. ಅಂತಿಮವಾಗಿ ಮಗುವಿನ ಮುಖವನ್ನೇ ನೋಡಿರಿ. ಆ ಬಾಗಿಲ ಬಳಿ ಬಂದಾಗ ಅವನ ಹೆಜ್ಜೆ ಹಿಂದೆ ಸರಿಯುತ್ತದೆಯೋ ಮುಂದೆ ಹೋಗುತ್ತದೆಯೋ? ಮಾತು ಬಾರದ ಮಗುವಿನ ಸಾಕ್ಷ್ಯ ಅದು. ಆ ಸಾಕ್ಷ್ಯವನ್ನು ಓದುವ ತಾಳ್ಮೆಯನ್ನು ಪ್ರಭು ಪ್ರತಿಯೊಬ್ಬ ತಂದೆತಾಯಿಗೂ ಅನುಗ್ರಹಿಸಲಿ.