ನಕ್ಕ ಮೇಲೆ

ಕಥೆಗಾರ ತನ್ನ ಪಾತ್ರವನ್ನು ಮೂರ್ಖನನ್ನಾಗಿ ಮಾಡಿದರೆ ಯಾರೂ ಬಂದು ಕೇಳುವುದಿಲ್ಲ. ಸಾಕ್ಷ್ಯಚಿತ್ರದವರಿಗೆ ಆ ಅನುಕೂಲವಿಲ್ಲ. ಅವರ ಪಾತ್ರಗಳಿಗೆ ಮನೆ, ಊರು, ಮರ್ಯಾದೆ ಎಲ್ಲವೂ ಇರುತ್ತದೆ.

ಆನಂದ್ ಪಟವರ್ಧನ್ ಅವರ 'ರಾಮ್ ಕೆ ನಾಮ್' (1992) ನಾನು ನೋಡಿದ್ದು ಸಾಗರದಲ್ಲಿ, ಗೆಳೆಯನೊಬ್ಬನ ಮನೆಯಲ್ಲಿ. ಹೆಗ್ಗೋಡಿನ ನೀನಾಸಮ್ ಹಳ್ಳಿಗರಿಗೆ ಜಗತ್ತಿನ ಸಿನಿಮಾ ತೋರಿಸಿದ ತಾಲ್ಲೂಕು ನಮ್ಮದು. ಚಿತ್ರ ನೋಡಲು ಬರುತ್ತದೆಂಬ ಸಣ್ಣ ಜಂಬ ನನಗೂ ಇತ್ತು. ರಾಮ ಹುಟ್ಟಿದ್ದು ಯಾವ ಕಾಲದಲ್ಲಿ ಎಂದು ಕೇಳಿದಾಗ ಯುವಕನೊಬ್ಬ ತಡವರಿಸುತ್ತಾನೆ. ನಾನು ಗಟ್ಟಿಯಾಗಿ ನಕ್ಕೆ. ಗೆಳೆಯ ನಗಲಿಲ್ಲ. "ನಮ್ಮಪ್ಪಯ್ಯಂಗೂ ಗೊತ್ತಿಲ್ಲ ಮಾರಾಯ, ದಿನಾ ರಾಮನಾಮ ಹೇಳ್ತಾರೆ" ಎಂದ.

ನಗು ಮೊದಲೇ ಒಪ್ಪಿದವರನ್ನಷ್ಟೇ ಒಪ್ಪಿಸುತ್ತದೆ. ಕಣ್ಣೀರು ಇನ್ನೂ ತೊಡಕಿನದು. 2002ರ ಗುಜರಾತ್ ಹಿಂಸೆಯ ಕುರಿತ ರಾಕೇಶ್ ಶರ್ಮಾ ಅವರ 'ಫೈನಲ್ ಸೊಲ್ಯೂಷನ್'ನಲ್ಲಿ ಪುಟ್ಟ ಹುಡುಗನೊಬ್ಬ ಮಾತಾಡುತ್ತಾನೆ. ನಾವಿಬ್ಬರೂ ಅತ್ತೆವು. ನಮ್ಮ ಮನಸ್ಸು ಕರಗಲೆಂದು ಆ ಮಗು ತನ್ನ ನೋವನ್ನು ಮತ್ತೆ ಹೇಳಬೇಕೆ? ಹೇಳದಿದ್ದರೆ ನಾವು ನಂಬುತ್ತಿದ್ದೆವೆ? ಸೆನ್ಸಾರ್ ಮಂಡಳಿ 2004ರಲ್ಲಿ ಮೊದಲು ತಡೆದದ್ದೂ ಇದೇ ಚಿತ್ರವನ್ನು. ಹಾಗಾಗಿ ತೆಗೆಯಲೇಬಾರದಿತ್ತು ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

'ರಾಮ್ ಕೆ ನಾಮ್'ನಲ್ಲಿ ಕೋರ್ಟು ನೇಮಿಸಿದ್ದ ಅಯೋಧ್ಯೆಯ ಅರ್ಚಕ ಲಾಲದಾಸರೂ ಇದ್ದಾರೆ. ಇದು ಹಣ, ಅಧಿಕಾರಗಳ ಆಟವೆಂದು ಮೆಲ್ಲಗೆ ಹೇಳುತ್ತಾರೆ. 1993ರಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಚಿತ್ರ ಮುಗಿದ ಮೇಲೆ ಗೆಳೆಯ ಅವರ ಭಾಗವನ್ನು ಮತ್ತೊಮ್ಮೆ ಹಾಕಿದ. ಆ ಯುವಕನ ಭಾಗ ಹಾಕೆಂದು ನಾನೂ ಕೇಳಲಿಲ್ಲ.