ಕಾಲದ ಮುಪ್ಪು, ಅಕಾಲದ ಮುಪ್ಪು

ಮುಪ್ಪಿನಲ್ಲಿ ದೇಹದ ಬಲವು ಕುಂದುವುದು ಸಹಜವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಣ್ಣಾದ ಎಲೆಯು ಉದುರುವಂತೆ ಮನುಷ್ಯನ ಶಕ್ತಿಯೂ ಕಾಲಕ್ರಮದಲ್ಲಿ ಉಡುಗಿಹೋಗುವುದೆಂದು ನಮ್ಮ ಹಿರಿಯರು ತಿಳಿದಿದ್ದರು, ನಾವೂ ತಿಳಿದಿದ್ದೇವೆ. ಆದರೆ ಒಂದು ಸಂಗತಿಯನ್ನು ಸಹಜವೆಂದು ಕರೆದೊಡನೆ ಅದರ ಹೊಣೆಯು ಯಾರ ಮೇಲೆಯೂ ಇಲ್ಲದಂತಾಗುತ್ತದೆ. ಆದಕಾರಣ ಆ ಮಾತನ್ನಾಡುವುದಕ್ಕೆ ಮುಂಚೆ ಸ್ವಲ್ಪ ವಿಚಾರಮಾಡುವುದು ಯುಕ್ತ.

ದೃಷ್ಟಾಂತಕ್ಕಾಗಿ ಒಂದು ಸಂಗತಿಯನ್ನು ಊಹಿಸಿಕೊಳ್ಳೋಣ. ಎಪ್ಪತ್ತೈದು ವರ್ಷ ವಯಸ್ಸಿನ ಗೃಹಸ್ಥರೊಬ್ಬರು ಜ್ವರಕೆಮ್ಮುಗಳಿಂದ ಆಸ್ಪತ್ರೆಯನ್ನು ಸೇರುತ್ತಾರೆ. ಅದಕ್ಕೆ ಒಂದು ವಾರದ ಹಿಂದೆ ಅವರು ತಾವೇ ಸ್ನಾನಮಾಡಿ, ಪೂಜೆಯನ್ನು ಮುಗಿಸಿ, ಪೇಟೆಯವರೆಗೆ ನಡೆದುಹೋಗಿ ತರಕಾರಿಯನ್ನು ತರುತ್ತಿದ್ದರು. ಹತ್ತು ದಿನಗಳಲ್ಲಿ ಶ್ವಾಸಕೋಶದ ವ್ಯಾಧಿಯು ಶಮನವಾಗುತ್ತದೆ. ಗುಣವಾಗಿದೆಯೆಂದು ಡಾಕ್ಟರು ಚೀಟಿಯಲ್ಲಿ ಬರೆಯುತ್ತಾರೆ. ಆದರೆ ರೋಗಿಯು ಮನೆಗೆ ಮರಳುವುದು ಗಾಲಿಕುರ್ಚಿಯ ಮೇಲೆ. ಶೌಚಕ್ಕೆ ಹೋಗಬೇಕಾದರೂ ಇಬ್ಬರು ಹಿಡಿದುಕೊಳ್ಳಬೇಕು. ನೋಡಲು ಬಂದ ನೆಂಟರಿಷ್ಟರು, “ಏನು ಮಾಡುವುದು, ವಯಸ್ಸಾಯಿತಲ್ಲ” ಎಂದು ಹೇಳಿ ಹೊರಟುಹೋಗುತ್ತಾರೆ. ಹತ್ತು ದಿನಗಳ ಹಿಂದೆಯೂ ಅವರಿಗೆ ಅಷ್ಟೇ ವಯಸ್ಸಾಗಿತ್ತೆಂಬುದು ಯಾರಿಗೂ ತೋಚುವುದಿಲ್ಲ. ಈ ಬಲಹಾನಿಯನ್ನು ತಂದದ್ದು ಕಾಲವೋ, ರೋಗವೋ, ಅಥವಾ ಆ ಹತ್ತು ದಿನಗಳಲ್ಲಿ ನಾವು ಮಾಡಿದ ಉಪಚಾರವೋ? ಇದು ವೈದ್ಯರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಧರ್ಮದ ಪ್ರಶ್ನೆಯೂ ಹೌದು.

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ಯಾಧಿಗಳನ್ನು ವಿಂಗಡಿಸುವಾಗ ಹಸಿವು, ಬಾಯಾರಿಕೆ, ಮುಪ್ಪು, ಮರಣ, ನಿದ್ರೆ ಮೊದಲಾದವುಗಳನ್ನು ಸ್ವಭಾವದಿಂದಲೇ ಒದಗತಕ್ಕವುಗಳೆಂದು ಒಂದು ವರ್ಗಕ್ಕೆ ಸೇರಿಸಿದೆ. ಅಷ್ಟಕ್ಕೇ ನಿಲ್ಲದೆ, ಇವುಗಳಲ್ಲಿಯೂ ಎರಡು ಬಗೆಯುಂಟೆಂದು ಹೇಳಿದೆ. ದೇಹವನ್ನು ತಕ್ಕಂತೆ ರಕ್ಷಿಸಿಕೊಂಡು ಬಂದಿದ್ದರೂ ಬರುವುದು ಕಾಲದಿಂದ ಬಂದುದು. ರಕ್ಷಣೆಯು ತಪ್ಪಿದ್ದರಿಂದ ಬರುವುದು ಅಕಾಲದಲ್ಲಿ ಬಂದುದು. ಮುಪ್ಪನ್ನು ಸ್ವಭಾವವೆಂದು ಒಪ್ಪಿಕೊಂಡ ಶಾಸ್ತ್ರಕಾರನೇ ಅದರಲ್ಲಿ ನಮ್ಮ ಪಾಲಿನ ಹೊಣೆಯನ್ನೂ ಎತ್ತಿ ತೋರಿಸಿರುವುದು ಗಮನಿಸತಕ್ಕ ವಿಷಯ. ಕಾಲದ ಮುಪ್ಪಿಗೆ ತಲೆಬಾಗಬೇಕು. ಅಕಾಲದ ಮುಪ್ಪಿಗೆ ಉತ್ತರ ಹೇಳಬೇಕು.

ಈಗಿನ ವೈದ್ಯರು ಇದೇ ಭೇದವನ್ನು ಅಳತೆಯ ಮೂಲಕ ಕಂಡುಕೊಂಡಿದ್ದಾರೆ. ವಯಸ್ಸು ಬೇರೆ, ‘ಫ್ರೇಲ್ಟಿ’ ಎಂದು ಅವರು ಕರೆಯುವ ಸ್ಥಿತಿಯು ಬೇರೆ. ಇದನ್ನು ನಾವು ಜರಾದೌರ್ಬಲ್ಯವೆನ್ನಬಹುದು. 2001ನೆಯ ಇಸವಿಯಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಎಂಬ ವೈದ್ಯೆಯೂ ಆಕೆಯ ಸಹೋದ್ಯೋಗಿಗಳೂ ಅರುವತ್ತೈದು ವರ್ಷಕ್ಕೆ ಮೇಲ್ಪಟ್ಟ ಐದು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಪರಿಶೀಲಿಸಿ ಇದಕ್ಕೆ ಐದು ಲಕ್ಷಣಗಳನ್ನು ಗೊತ್ತುಮಾಡಿದರು. ಬೇಕೆಂದು ಮಾಡದೆಯೇ ದೇಹದ ತೂಕವು ಇಳಿಯುವುದು, ಸದಾ ಆಯಾಸ, ಕೈಹಿಡಿತದ ಬಲವು ಕುಗ್ಗುವುದು, ನಡಿಗೆಯು ನಿಧಾನವಾಗುವುದು, ಓಡಾಟವು ಕಡಮೆಯಾಗುವುದು. ಇವುಗಳಲ್ಲಿ ಮೂರು ಕಂಡುಬಂದರೆ ದೌರ್ಬಲ್ಯವು ನೆಲಸಿತೆಂದೂ, ಒಂದೆರಡು ಕಂಡರೆ ಅದು ಹೊಸ್ತಿಲಲ್ಲಿದೆಯೆಂದೂ ತಿಳಿಯಬೇಕು. ಕೆನಡಾ ದೇಶದ ಕೆನೆತ್ ರಾಕ್‌ವುಡ್ ಎಂಬವರು ಇದನ್ನೇ ಇನ್ನೊಂದು ರೀತಿಯಲ್ಲಿ, ದೇಹದಲ್ಲಿ ಒಂದೊಂದಾಗಿ ಕೂಡುತ್ತಾ ಬಂದ ಕೊರತೆಗಳ ಮೊತ್ತವೆಂದು ವಿವರಿಸಿದರು. ಎರಡು ವಿವರಣೆಗಳ ತಾತ್ಪರ್ಯವೂ ಒಂದೇ. ಗೆದ್ದಲು ಹಿಡಿದ ತೊಲೆಯು ಬೇಸಗೆಯೆಲ್ಲಾ ಮನೆಯನ್ನು ಹೊತ್ತುಕೊಂಡೇ ಇರುತ್ತದೆ. ಮಳೆಗೆ ಮಾಡು ನೆನೆದು ಭಾರವಾದಾಗ ಒಮ್ಮೆಲೇ ಕುಸಿಯುತ್ತದೆ. ಹಾಗೆಯೇ ಒಳಗಿನ ಶೇಷಬಲವು ಸವೆದುಹೋದ ವೃದ್ಧನಿಗೆ ಒಂದು ಸಣ್ಣ ಜ್ವರವೇ ಸಾಕು.

ಈ ದೌರ್ಬಲ್ಯಕ್ಕೆ ಕಾರಣಗಳಲ್ಲಿ ಕೆಲವನ್ನು ರೋಗಿಯು ಮನೆಯಿಂದಲೇ ತಂದಿರುತ್ತಾನೆ. ಇಳಿವಯಸ್ಸು, ಏಕಕಾಲದಲ್ಲಿ ಹಲವು ರೋಗಗಳು, ಅವುಗಳಿಗಾಗಿ ನುಂಗುವ ಹತ್ತಾರು ಮಾತ್ರೆಗಳು, ಹಲ್ಲುಗಳಿಲ್ಲದೆ ಗಂಜಿಯಿಂದಲೇ ದಿನ ಕಳೆಯುವ ಪುಷ್ಟಿಹೀನತೆ, ಮಂದವಾದ ಕಣ್ಣು ಕಿವಿಗಳು, ಮರೆವು, ಮನಸ್ಸಿನ ಖಿನ್ನತೆ, ಬಡತನ, ಮಾತನಾಡಿಸುವವರಿಲ್ಲದ ಒಂಟಿತನ ಇವೆಲ್ಲವೂ ಆ ಕೊರತೆಗಳೇ. ಉಳಿದ ಕಾರಣಗಳು ಆಸ್ಪತ್ರೆಯಲ್ಲಿ ಸೇರಿಕೊಳ್ಳುತ್ತವೆ. ಪರೀಕ್ಷೆಗಳಿಗಾಗಿ ಬೆಳಗಿನಿಂದ ಉಪವಾಸ, ಕೈಗೆ ಚುಚ್ಚಿದ ಗ್ಲೂಕೋಸ್ ನಳಿಗೆ, ಅಗತ್ಯವು ಕಳೆದ ಮೇಲೂ ತೆಗೆಯದೆ ಬಿಟ್ಟ ಮೂತ್ರದ ನಳಿಗೆ, ರಾತ್ರಿಯೆಲ್ಲಾ ಉರಿಯುವ ದೀಪ, ಮುರಿದ ನಿದ್ರೆ, ಅಪರಿಚಿತ ಮುಖಗಳು. ಕನ್ನಡಕವೂ ಕಟ್ಟಿಸಿದ ಹಲ್ಲೂ ಮನೆಯಲ್ಲಿಯೇ ಉಳಿದಿರುತ್ತವೆ. ಹಗಲೋ ರಾತ್ರಿಯೋ ತಿಳಿಯದೆ ಕೆಲವರಿಗೆ ಚಿತ್ತಭ್ರಮೆಯೂ ಉಂಟಾಗುತ್ತದೆ. ಇವೆಲ್ಲಕ್ಕೂ ಮಿಗಿಲಾದದ್ದು ಹಾಸಿಗೆ.

ಹಾಸಿಗೆಯನ್ನು ಕಾರಣವೆಂದು ಹೇಳಿದರೆ ಓದುಗರಿಗೆ ಅತಿಶಯೋಕ್ತಿಯಂತೆ ತೋರಬಹುದು. ಆದರೆ 2007ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪರಿಶೋಧನೆಯಲ್ಲಿ, ಯಾವ ರೋಗವೂ ಇಲ್ಲದ ಕೆಲವು ವೃದ್ಧರನ್ನು ಹತ್ತು ದಿನಗಳ ಕಾಲ ಹಾಸಿಗೆಯಲ್ಲಿಯೇ ಇರಿಸಿ ನೋಡಿದಾಗ, ಅವರ ಕಾಲುಗಳಲ್ಲಿ ಸರಾಸರಿ ಸುಮಾರು ಒಂದು ಕಿಲೋಗ್ರಾಂ ಮಾಂಸವು ಕರಗಿಹೋಗಿತ್ತು. ಆರೋಗ್ಯವಂತರ ಗತಿಯೇ ಹೀಗಾದರೆ ರೋಗಿಗಳ ಪಾಡೇನು? ಅದೇ ದೇಶದಲ್ಲಿ 2003ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯ ಪ್ರಕಾರ, ಆಸ್ಪತ್ರೆಯಲ್ಲಿದ್ದ ಎಪ್ಪತ್ತು ವರ್ಷಕ್ಕೆ ಮೇಲ್ಪಟ್ಟವರಲ್ಲಿ ಮೂರರಲ್ಲೊಂದು ಪಾಲು ಜನರು ಸ್ನಾನ, ಉಡುಪು ಮೊದಲಾದ ನಿತ್ಯಕೃತ್ಯಗಳಲ್ಲಿ ಕಾಯಿಲೆಗೆ ಮುಂಚೆ ಇದ್ದುದಕ್ಕಿಂತ ಹೀನವಾದ ಸ್ಥಿತಿಯಲ್ಲಿ ಮನೆಗೆ ಮರಳಿದರು.

ಇದು ಹೊಸದಾಗಿ ಹೊಳೆದ ವಿಷಯವೂ ಅಲ್ಲ. ಇಂಗ್ಲೆಂಡಿನ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಮಾರ್ಜೊರಿ ವಾರನ್ ಎಂಬ ವೈದ್ಯೆಯು 1935ರಲ್ಲಿ, ಬಡವರ ಆಶ್ರಯಗೃಹದ ಆಸ್ಪತ್ರೆಯಿಂದ ಬಂದ ನೂರಾರು ವೃದ್ಧರ ವಾರ್ಡುಗಳನ್ನು ವಹಿಸಿಕೊಂಡರು. ವಾಸಿಯಾಗದವರೆಂದು ವರ್ಷಗಟ್ಟಲೆ ಮಲಗಿಸಿಟ್ಟಿದ್ದ ಆ ಜನರನ್ನು ಒಬ್ಬೊಬ್ಬರನ್ನಾಗಿ ಪರೀಕ್ಷಿಸಿ, ಅವರನ್ನು ಎಬ್ಬಿಸಿ, ನಡೆಯುವ ಅಭ್ಯಾಸಮಾಡಿಸಿ, ಅನೇಕರನ್ನು ಆಕೆ ಮನೆಗೆ ಕಳುಹಿಸಿದರು. ವೃದ್ಧವೈದ್ಯವೆಂಬ ಶಾಖೆಯು ಆ ದೇಶದಲ್ಲಿ ಬೆಳೆದುದು ಈ ಕೆಲಸದಿಂದ. ರಿಚರ್ಡ್ ಆಷರ್ ಎಂಬ ವೈದ್ಯರು ಹಾಸಿಗೆ ಹಿಡಿಯುವುದರಿಂದಾಗುವ ಅಪಾಯಗಳನ್ನು ಕುರಿತೇ 1947ರಲ್ಲಿ ಒಂದು ಲೇಖನವನ್ನು ಬರೆದರು.

ಇಷ್ಟೆಲ್ಲಾ ತಿಳಿದಿದ್ದೂ ವೃದ್ಧರು ಮಲಗಿಯೇ ಇರುವುದೇಕೆ? ಇಲ್ಲಿ ಮೂರು ಪೂರ್ವಪಕ್ಷಗಳನ್ನು ಪರಿಶೀಲಿಸಬೇಕಾಗಿದೆ.

ಮೊದಲನೆಯದು ಪ್ರೀತಿಯ ಪಕ್ಷ. “ಜನ್ಮವೆಲ್ಲಾ ನಮಗಾಗಿ ದುಡಿದಿದ್ದಾರೆ, ಈಗಲಾದರೂ ಸುಖವಾಗಿ ಮಲಗಿರಲಿ. ನೀರಿನ ಲೋಟವನ್ನು ನಾವೇ ಬಾಯಿಗೆ ಹಿಡಿಯುತ್ತೇವೆ” ಎಂದು ಮಕ್ಕಳು ಹೇಳುತ್ತಾರೆ. ಈ ಭಾವವು ಗೌರವಾರ್ಹವಾದುದೇ. ಆದರೆ ಚರಕನು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ಪರಿಚಾರಕನಲ್ಲಿರಬೇಕಾದ ಗುಣಗಳನ್ನು ಎಣಿಸುವಾಗ, ಉಪಚಾರದ ಅರಿವನ್ನು ಮೊದಲು ಹೇಳಿ, ದಕ್ಷತೆಯನ್ನು ಆಮೇಲೆ ಹೇಳಿ, ಅನುರಾಗವನ್ನು ಮೂರನೆಯದಾಗಿ ಹೇಳಿದ್ದಾನೆ. ಅನುರಾಗವು ಬೇಡವೆಂದಲ್ಲ, ಅರಿವಿಲ್ಲದ ಅನುರಾಗವು ಸಾಲದೆಂದು ಇದರ ಅಭಿಪ್ರಾಯವೆಂದು ನಾನು ತಿಳಿಯುತ್ತೇನೆ. ಲೋಟವನ್ನು ಎತ್ತಬಲ್ಲ ಕೈಯಿಂದ ಲೋಟವನ್ನು ಕಿತ್ತುಕೊಂಡರೆ, ಕೆಲವು ದಿನಗಳಲ್ಲಿ ಆ ಕೈಯು ಎತ್ತಲಾರದ ಕೈಯಾಗುತ್ತದೆ.

ಎರಡನೆಯದು ಭಯದ ಪಕ್ಷ. ಎದ್ದು ನಡೆಯುವಾಗ ಬಿದ್ದರೇನು ಗತಿ? ಈ ಭಯವು ನಿರಾಧಾರವಾದುದಲ್ಲ. ತೊಡೆಯ ಮೂಳೆಯು ಮುರಿದು ವೃದ್ಧರು ಪ್ರಾಣವನ್ನೇ ಕಳೆದುಕೊಳ್ಳುವುದುಂಟು. ಆದರೆ ಇಲ್ಲಿ ಎರಡು ಹಾನಿಗಳನ್ನು ತೂಗಿ ನೋಡಬೇಕು. ಬೀಳುವುದು ಒಂದು ಕ್ಷಣದಲ್ಲಿ ಎಲ್ಲರ ಕಣ್ಣಿಗೂ ಕಾಣುವ ಹಾನಿ. ಅದಕ್ಕೆ ದಿನವೂ ವೇಳೆಯೂ ಉಂಟು, ತಪ್ಪಿತಸ್ಥರನ್ನು ಹುಡುಕುವವರೂ ಉಂಟು. ಮಲಗಿಯೇ ಕಾಲ್ಬಲವು ಕರಗುವುದು ಸದ್ದಿಲ್ಲದ ಹಾನಿ. ಅದಕ್ಕೆ ಸಾಕ್ಷಿಯಿಲ್ಲ, ದೂರೂ ಇಲ್ಲ. ರೋಗಿಯು ಬಿದ್ದರೆ ನರ್ಸನ್ನು ಹತ್ತು ಮಂದಿ ಪ್ರಶ್ನಿಸುತ್ತಾರೆ; ಹತ್ತು ದಿನ ಏಳದಿದ್ದರೆ ಒಬ್ಬರೂ ಪ್ರಶ್ನಿಸುವುದಿಲ್ಲ. ಆದ್ದರಿಂದ ಆಕೆಯು ಮಂಚದ ಸರಳುಗಳನ್ನು ಏರಿಸಿ ಮಲಗಿಸಿಬಿಟ್ಟರೆ ತಪ್ಪು ಆಕೆಯೊಬ್ಬಳದೇ ಅಲ್ಲ. ನಮ್ಮ ಮೇಲೆ ದೂರು ಬಾರದಿರಲೆಂಬ ಎಚ್ಚರಿಕೆಗೂ ರೋಗಿಗೆ ಕೇಡಾಗದಿರಲೆಂಬ ಎಚ್ಚರಿಕೆಗೂ ಬಹಳ ಅಂತರವುಂಟು. ಮೊದಲನೆಯದಕ್ಕೆ ಎರಡನೆಯದರ ಹೆಸರನ್ನಿಡುವುದು ಅಸತ್ಯವಾಗುತ್ತದೆ.

ಇದಲ್ಲದೆ, ಆ ಅಪಾಯವನ್ನು ಹೊರತಕ್ಕ ದೇಹವು ಯಾರದು? ವೃದ್ಧನನ್ನು ಈ ವಿಷಯದಲ್ಲಿ ಒಂದು ಮಾತು ಕೇಳುವವರು ವಿರಳ. ಸೇವೆಗೆ ನಾವು ಶುಶ್ರೂಷೆಯೆಂಬ ಪದವನ್ನು ಬಳಸುತ್ತೇವೆ. ಕೇಳುವುದೆಂಬ ಅರ್ಥದ ‘ಶ್ರು’ ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಸೇರಿ ಸಿದ್ಧಿಸಿದ ಶಬ್ದವಿದು. ಕೇಳಬೇಕೆಂಬ ಇಚ್ಛೆಯೇ ಇದರ ಮೂಲಾರ್ಥ. ಪಾಠಶಾಲೆಯಲ್ಲಿ ಈ ರೂಪಸಿದ್ಧಿಯನ್ನು ಕಂಠಪಾಠಮಾಡಿದ ಕಾಲದಲ್ಲಿ ಅದು ನನಗೆ ವ್ಯಾಕರಣದ ವಿಷಯವಾಗಿ ಮಾತ್ರ ತೋರಿತ್ತು. ಅರುವತ್ತು ದಾಟಿದ ಮೇಲೆ ಅದರಲ್ಲಿ ಧರ್ಮದ ವಿಷಯವೂ ಇದೆಯೆಂದು ತೋರುತ್ತಿದೆ. “ಕಿಟಕಿಯವರೆಗೆ ಹೋಗಿ ಬರುತ್ತೇನಪ್ಪಾ” ಎಂದು ಹಿರಿಯರು ಹೇಳಿದಾಗ, “ಸುಮ್ಮನೆ ಮಲಗಿರಿ” ಎನ್ನುವುದು ಸೇವೆಯಾಗಬಹುದೇನೋ, ಶುಶ್ರೂಷೆಯಾಗಲಾರದು.

ಮೂರನೆಯದು ಅಭಾವದ ಪಕ್ಷ. ಒಬ್ಬ ನರ್ಸಿಗೆ ಹತ್ತಾರು ರೋಗಿಗಳಿರುವಲ್ಲಿ ನಡೆಸುವವರು ಯಾರು? ಇದು ನ್ಯಾಯವಾದ ಆಕ್ಷೇಪಣೆ. ಆದರೆ ಇದಕ್ಕೆ ದುಬಾರಿ ಯಂತ್ರಗಳೇನೂ ಬೇಕಾಗಿಲ್ಲ. ಅಮೆರಿಕದ ಯೇಲ್ ವಿದ್ಯಾಪೀಠದವರು 852 ಮಂದಿ ವೃದ್ಧರೋಗಿಗಳ ವಿಷಯದಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಿನವೂ ನಡೆಸುವುದು, ಕನ್ನಡಕವನ್ನು ಕೊಡುವುದು, ನೀರನ್ನು ಕುಡಿಸುವುದು, ದಿನವಾರಗಳನ್ನು ನೆನಪುಮಾಡಿಕೊಡುವುದು, ನಿದ್ರೆಯ ಮಾತ್ರೆಗೆ ಬದಲಾಗಿ ಬೆಚ್ಚಗಿನ ಹಾಲನ್ನು ಕೊಟ್ಟು ಬೆನ್ನು ನೀವುವುದು ಇಂಥ ಉಪಚಾರಗಳನ್ನೇ ಮಾಡಿದರು. ಚಿತ್ತಭ್ರಮೆಗೊಳಗಾಗುವವರ ಸಂಖ್ಯೆಯು ನೂರಕ್ಕೆ ಹದಿನೈದರಿಂದ ಸುಮಾರು ಹತ್ತಕ್ಕೆ ಇಳಿಯಿತು. ಸ್ಪೇನ್ ದೇಶದ ಪಾಂಪ್ಲೋನದಲ್ಲಿ 370 ಮಂದಿ ಅತಿವೃದ್ಧರಲ್ಲಿ ಅರ್ಧದಷ್ಟು ಜನರಿಗೆ ಆಸ್ಪತ್ರೆಯಲ್ಲಿದ್ದಾಗಲೇ ತಕ್ಕ ವ್ಯಾಯಾಮವನ್ನು ಮಾಡಿಸಿ ನೋಡಿದಾಗ ಅವರ ಬಲಹಾನಿಯು ತಪ್ಪಿತೆಂದು 2019ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ನರ್ಸುಗಳು ಕಡಮೆಯಿರಬಹುದು. ಆದರೆ ರೋಗಿಯ ಮಗ್ಗುಲಲ್ಲಿ ಮಗನೋ, ಸೊಸೆಯೋ, ಮೊಮ್ಮಗನೋ ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಹೊತ್ತು ಹೋಗದೆ ಫೋನನ್ನು ನೋಡುತ್ತಾ ಕುಳಿತಿರುವ ಆ ಕೈಗಳು, ಡಾಕ್ಟರ ಅನುಮತಿಯನ್ನು ಪಡೆದು ದಿನಕ್ಕೆ ಮೂರು ಸಲ ಹಿರಿಯರನ್ನು ಹಿಡಿದು ನಡೆಸಬಾರದೇಕೆ? ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯು ಸರಕಾರಿ ಆಸ್ಪತ್ರೆಗಳಲ್ಲಿ ಅವರಿಗೆ ಸಾಧ್ಯವಿದ್ದಷ್ಟು ಮಟ್ಟಿಗೆ ಹಾಸಿಗೆಗಳು ದೊರೆಯಬೇಕೆಂದು ವಿಧಿಸಿದೆ. ಅದು ಒಳ್ಳೆಯದೇ. ಆದರೆ ಕಾಯಿದೆಯು ಹಾಸಿಗೆಯನ್ನು ಕೊಡಬಲ್ಲುದೇ ಹೊರತು, ಹಾಸಿಗೆಯಿಂದ ಎಬ್ಬಿಸುವ ಕೈಯನ್ನು ಕೊಡಲಾರದು.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ವಿಚಾರವು ಏಕಪಕ್ಷೀಯವಾದೀತು. ದೌರ್ಬಲ್ಯವನ್ನು ಅಳೆಯುವುದು ರಕ್ಷಿಸುವುದಕ್ಕಾಗಿಯೇ ಹೊರತು ಕೈಬಿಡುವುದಕ್ಕಾಗಿ ಅಲ್ಲ. 2020ರ ಮಾರ್ಚಿ ತಿಂಗಳಲ್ಲಿ ಕೋವಿಡ್ ಮಹಾಮಾರಿಯ ಕಾಲಕ್ಕೆ, ತೀವ್ರಚಿಕಿತ್ಸೆಯು ಯಾರಿಗೆ ಸಲ್ಲಬೇಕೆಂಬುದನ್ನು ವಿಚಾರಮಾಡುವಾಗ ಇಂಥದೊಂದು ಅಳತೆಗೋಲನ್ನು ಉಪಯೋಗಿಸಬೇಕೆಂದು ಇಂಗ್ಲೆಂಡಿನಲ್ಲಿ ಸೂಚನೆ ಹೊರಟಾಗ, ಅಂಗವೈಕಲ್ಯವುಳ್ಳವರಿಗೆ ಅನ್ಯಾಯವಾದೀತೆಂದು ಆಕ್ಷೇಪಣೆಗಳು ಬಂದು, ಕೆಲವೇ ದಿನಗಳಲ್ಲಿ ಅದನ್ನು ತಿದ್ದಬೇಕಾಯಿತು. ಎರಡನೆಯದಾಗಿ, ಎಲ್ಲ ವೃದ್ಧರನ್ನೂ ಮೊದಲಿನಂತೆ ಮಾಡಿಬಿಡಬಹುದೆಂದು ನಾನು ಹೇಳುತ್ತಿಲ್ಲ. ಕಾಲವು ಸಮೀಪಿಸಿರುವವರನ್ನು ನಡೆಯಿರೆಂದು ಪೀಡಿಸುವುದು ನಿರ್ದಯತೆ. ಅವರಿಗೆ ನೋವಿಲ್ಲದ ವಿಶ್ರಾಂತಿಯೇ ಧರ್ಮ. ಯಾರಿಗೆ ಯಾವುದು ಸಲ್ಲುವುದೆಂದು ಪ್ರತಿಯೊಬ್ಬರ ವಿಷಯದಲ್ಲಿಯೂ ಬೇರೆ ಬೇರೆಯಾಗಿ ನೋಡಿ ನಿಶ್ಚಯಿಸಬೇಕು. ವಯಸ್ಸನ್ನು ಮಾತ್ರ ಕೇಳಿ ನಿಶ್ಚಯಿಸಿಬಿಡುವುದು ಆ ಶ್ರಮವನ್ನು ತಪ್ಪಿಸಿಕೊಳ್ಳುವ ಉಪಾಯ.

ಗೃಹಸ್ಥರಾದ ವಾಚಕರು ಮಾಡಬಹುದಾದುದು ಬಹಳವೇನಿಲ್ಲ. ಹಿರಿಯರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಕನ್ನಡಕ, ಹಲ್ಲಿನ ಕಟ್ಟು, ಕಿವಿಯ ಯಂತ್ರ, ಜಾರದಿರುವ ಪಾದರಕ್ಷೆ ಇವುಗಳನ್ನೂ, ಅವರು ಸೇವಿಸುವ ಎಲ್ಲ ಔಷಧಗಳ ಪಟ್ಟಿಯನ್ನೂ ಜತೆಗೆ ಒಯ್ಯತಕ್ಕದ್ದು. “ಜ್ವರವೆಷ್ಟಿದೆ?” ಎಂದು ಡಾಕ್ಟರನ್ನು ಕೇಳುವಂತೆಯೇ, “ಇಂದು ಎದ್ದು ಕೂಡಬಹುದೆ? ಎಷ್ಟು ಹೆಜ್ಜೆ ನಡೆಯಬಹುದು? ಈ ನಳಿಗೆಯು ಇನ್ನೂ ಬೇಕೆ?” ಎಂದೂ ಕೇಳತಕ್ಕದ್ದು. ಎಲ್ಲಕ್ಕೂ ಮಿಗಿಲಾಗಿ, ಮಂಚದ ಮೇಲಿರುವವರ ಇಷ್ಟವೇನೆಂದು ಅವರನ್ನೇ ಕೇಳತಕ್ಕದ್ದು. ಕಾಲವು ತನ್ನ ಪಾಲನ್ನು ತೆಗೆದುಕೊಳ್ಳದೆ ಬಿಡದು. ಅದನ್ನು ತಡೆಯುವ ಶಕ್ತಿಯು ಮನುಷ್ಯನಿಗಿಲ್ಲ. ಆದರೆ ಆ ಪಾಲಿಗಿಂತ ಹೆಚ್ಚಾದುದನ್ನು ನಮ್ಮ ಹಿರಿಯರಿಂದ ಕಿತ್ತು ಕಾಲಕ್ಕೆ ಒಪ್ಪಿಸಿಕೊಡುವ ಅಧಿಕಾರವನ್ನು ನಮಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲ.