‘ಇತರೆ’ ಕಾಲಂನಲ್ಲಿ ನಿಂತ ಆನೆ

ಸ್ಟಾಕ್‌ಹೋಮ್‌ನ ಮ್ಯೂಸಿಯಂನಲ್ಲಿ ಒಂದು ಜಾಡಿ ಇದೆ. ಅದರೊಳಗೆ ಹುಟ್ಟುವ ಮೊದಲೇ ಸತ್ತ ಆನೆಮರಿ. 1758ರಲ್ಲಿ ಕಾರ್ಲ್ ಲಿನೇಯಸ್ ಏಷ್ಯಾದ ಆನೆಗೆ ‘ಎಲಿಫಾಸ್ ಮ್ಯಾಕ್ಸಿಮಸ್’ ಅಂತ ಹೆಸರಿಟ್ಟಾಗ ಆಧಾರವಾಗಿ ಇಟ್ಟುಕೊಂಡಿದ್ದ ಮಾದರಿಗಳಲ್ಲಿ ಇದೂ ಒಂದು. 2013ರಲ್ಲಿ ವಿಜ್ಞಾನಿಗಳು ಅದರ ಪ್ರೋಟೀನ್ ಪರೀಕ್ಷೆ ಮಾಡಿ ನೋಡಿದರೆ, ಅದು ಆಫ್ರಿಕದ ಆನೆ! ಕೊನೆಗೆ ಇಟಲಿಯ ಫ್ಲಾರೆನ್ಸ್‌ನಲ್ಲಿರುವ ಒಂದು ಅಸ್ಥಿಪಂಜರಕ್ಕೆ ಆ ಪಟ್ಟ ಕಟ್ಟಿದರು.

ಓದಿದಾಗ ನಕ್ಕುಬಿಟ್ಟೆ. ಜಾಡಿಯೊಳಗಿನ ಮರಿಗೆ ಲೇಬಲ್ ಯಾವುದಾದರೇನು? ಆದರೆ ಬದುಕಿರೋ ಆನೆಗಳ ವಿಷಯಕ್ಕೆ ಬಂದಾಗ ನಗು ನಿಂತುಹೋಯ್ತು.

ಸ್ಕೂಲಲ್ಲಿ ನಾವು ಕಲಿತಿದ್ದು ಎರಡೇ ಆನೆ. ದೊಡ್ಡ ಕಿವಿಯದು ಆಫ್ರಿಕದ್ದು, ಸಣ್ಣ ಕಿವಿಯದು ನಮ್ದು. ಈಗ ಲೆಕ್ಕ ಮೂರು. ಆಫ್ರಿಕದಲ್ಲಿ ಹುಲ್ಲುಗಾವಲಿನ ಸವಾನಾ ಆನೆ ಬೇರೆ, ಕಾಂಗೋ, ಗಬಾನ್ ಕಡೆಯ ದಟ್ಟ ಕಾಡಿನ ಆನೆ ಬೇರೆ. ಕಾಡಿನದು ಗಾತ್ರದಲ್ಲಿ ಚಿಕ್ಕದು, ಕಿವಿ ದುಂಡಗೆ, ದಂತ ನೆಟ್ಟಗೆ ಕೆಳಮುಖ. 1900ರಲ್ಲೇ ಜರ್ಮನಿಯ ಪಾಲ್ ಮಾಚಿ ಇದಕ್ಕೆ ಬೇರೆ ಹೆಸರು ಕೊಟ್ಟಿದ್ದ. ಆದರೂ ದಶಕಗಳ ಕಾಲ ಇದನ್ನು ಸವಾನಾ ಆನೆಯ ಉಪಜಾತಿ ಅಂತಲೇ ಎಣಿಸಿದರು. 2001ರ ನಂತರ ಡಿಎನ್‌ಎ ಬೇರೆ ಕಥೆ ಹೇಳಿತು: ಇವೆರಡೂ ಕವಲೊಡೆದು ಲಕ್ಷಾಂತರ ವರ್ಷಗಳೇ ಆಗಿವೆ. ನಮ್ಮ ಆನೆಗೂ ಮ್ಯಾಮತ್‌ಗೂ ಎಷ್ಟು ದೂರವೋ, ಹೆಚ್ಚುಕಮ್ಮಿ ಅಷ್ಟೇ ದೂರ ಇವೆರಡರ ನಡುವೆ.

2021ರ ಮಾರ್ಚ್‌ನಲ್ಲಿ ಐಯುಸಿಎನ್ ತನ್ನ ಕೆಂಪು ಪಟ್ಟಿಯಲ್ಲಿ ಮೊದಲ ಸಲ ಎರಡನ್ನೂ ಬೇರೆ ಬೇರೆ ತೂಗಿ ನೋಡಿತು. ಸವಾನಾ ಆನೆ 50 ವರ್ಷಗಳಲ್ಲಿ ಕನಿಷ್ಠ ಶೇ. 60ರಷ್ಟು ಕಡಿಮೆಯಾಗಿತ್ತು. ಕಾಡಿನ ಆನೆ 31 ವರ್ಷಗಳಲ್ಲಿ ಶೇ. 86ಕ್ಕೂ ಹೆಚ್ಚು. ಮೊದಲನೆಯದು ಅಳಿವಿನಂಚಿನಲ್ಲಿದೆ, ಎರಡನೆಯದು ತೀವ್ರ ಅಳಿವಿನಂಚಿನಲ್ಲಿ. ಅದಕ್ಕೂ ಮುಂಚೆ ಎರಡನ್ನೂ ಒಟ್ಟಿಗೆ ಹಾಕಿ, ಇದಕ್ಕಿಂತ ಕಡಿಮೆ ಅಪಾಯದ ಒಂದೇ ಲೇಬಲ್ ಅಂಟಿಸಿದ್ದರು. ದಕ್ಷಿಣ ಆಫ್ರಿಕದ ಕಡೆ ಬಯಲಲ್ಲಿ ಕಾಣೋ ಹಿಂಡುಗಳ ಲೆಕ್ಕದೊಳಗೆ, ಕಾಡಲ್ಲಿ ಕಾಣದೆ ಸಾಯ್ತಿದ್ದವು ಮುಚ್ಚಿಹೋದವು. ಆವರೇಜ್ ಮಾಡೋದು ಅದನ್ನೇ.

ಹಾಗಾದರೆ ಮೊದಲೇ ಯಾಕೆ ಬೇರ್ಪಡಿಸಲಿಲ್ಲ? ಐಯುಸಿಎನ್‌ನ ಆನೆ ತಜ್ಞರಿಗೆ ಇದ್ದ ಒಂದು ಅಳುಕು ಮಿಶ್ರತಳಿಗಳ ಬಗ್ಗೆ. ಉಗಾಂಡ-ಕಾಂಗೋ ಗಡಿಯಂಥ ಕಡೆ ಎರಡೂ ಕೂಡಿ ಹುಟ್ಟಿದ ಆನೆಗಳಿವೆ. ಅವಸರದಲ್ಲಿ ಗೆರೆ ಎಳೆದರೆ ಇವು ಯಾರ ಪಟ್ಟಿಗೂ ಸೇರದೆ, ರಕ್ಷಣೆ ಇಲ್ಲದೆ ಉಳಿದರೆ?

ಇದು ಬರೀ ನೆಪ ಅಂತ ಮೊದಲು ಅನಿಸಿತ್ತು. ಆಮೇಲೆ ನನ್ನದೇ ಒಂದು ಎಕ್ಸೆಲ್ ಶೀಟು ನೆನಪಾಯ್ತು. ಆಫೀಸಿಗೆ ಯಾರು ಹೇಗೆ ಬರ್ತಾರೆ ಅಂತ ಸರ್ವೆ ಮಾಡಿದ್ವಿ. ಕಾರು, ಬೈಕು, ಕ್ಯಾಬು, ಮೆಟ್ರೋ. ಇವು ಯಾವುದಕ್ಕೂ ಹೊಂದದವರನ್ನ ‘ಇತರೆ’ಗೆ ತಳ್ಳಿದೆ. ಚಾರ್ಟ್ ಚೆನ್ನಾಗಿ ಬಂತು. ಅದನ್ನೇ ನೋಡಿ ಟ್ರಾವೆಲ್ ಅಲೋವೆನ್ಸ್ ತೀರ್ಮಾನವಾಯ್ತು. ‘ಇತರೆ’ಗೆ ಸೊನ್ನೆ. ಬೆಳಗಿನ ಜಾವ ನಾಲ್ಕಾರು ಜನ ಸೇರಿ ಟೆಂಪೋ ಹಿಡಿದು ಬರೋ ಹೌಸ್‌ಕೀಪಿಂಗ್ ಅಕ್ಕ ಒಂದಿನ ಕೇಳಿದ್ರು, “ನಮ್ದೇನೂ ಬರ್ಲಿಲ್ವಾ ಮೇಡಂ?” ನಾನು ಯಾರಿಗೂ ಕೆಟ್ಟದ್ದು ಬಯಸಿರಲಿಲ್ಲ. ಒಂದು ಕಾಲಂ ಸಾಕು ಅಂದ್ಕೊಂಡಿದ್ದೆ, ಅಷ್ಟೇ.

ಗೆರೆ ಎಳೆದರೆ ಗೆರೆ ಮೇಲೆ ನಿಂತವರಿಗೆ ಕಷ್ಟ. ಎಳೆಯದಿದ್ದರೆ ಗುಂಪಲ್ಲಿ ಕಳೆದುಹೋದವರಿಗೆ ಕಷ್ಟ. ಸುಮ್ಮನಿದ್ದರೆ ನಾವು ತಟಸ್ಥರು ಅಂದ್ಕೊಳ್ಳೋದೂ ತಪ್ಪು. ಹಳೆಯ ಗೆರೆಯೂ ಯಾರೋ ಎಳೆದದ್ದೇ. ಇದು ನಮಗೇನು ಹೊಸದಲ್ಲ. ಸಕಲೇಶಪುರದ ಕಡೆ ತೋಟಕ್ಕೆ ಇಳಿಯೋ ಆನೆಗೆ ‘ಪುಂಡಾನೆ’ ಅಂತ ಹೆಸರು ಬಿದ್ದ ಮೇಲೆ, ಮುಂದಿನ ಮಾತೆಲ್ಲ ಅದನ್ನ ಹಿಡಿಯೋದರ ಬಗ್ಗೆಯೇ.

ದಂತಕ್ಕಾಗಿ ಗುಂಡು ತಿನ್ನೋ ಆನೆ ಯಾವ ಜಾತಿಯದಾದರೂ ನೋವು ಒಂದೇ. ಅದರ ಬೆಲೆ ನಮ್ಮ ಹೆಸರಿನಿಂದ ಬಂದದ್ದಲ್ಲ. ಹೆಸರಿನಿಂದ ಬರೋದು ನಮ್ಮ ಜವಾಬ್ದಾರಿ. ಅದಕ್ಕೇ ನಾನು ಗೆರೆ ಎಳೆಯೋರ ಪರ, ಒಂದು ಷರತ್ತಿನ ಮೇಲೆ: ಎಳೆದವರು ಅದರ ಮೇಲೆ ಯಾರು ನಿಂತಿದ್ದಾರೆ ಅಂತ ಬಗ್ಗಿ ನೋಡಬೇಕು.

ಅಲೋವೆನ್ಸ್ ವಿಷಯ ಮತ್ತೆ ಎತ್ತಿದೆ. ಇನ್ನೂ ತೀರ್ಮಾನ ಆಗಿಲ್ಲ. ಆದರೆ ಈಗ ನಾನು ಮಾಡೋ ಪ್ರತಿ ಚಾರ್ಟಿನ ಕೆಳಗೂ ಒಂದು ಸಾಲು ಇರುತ್ತೆ: ‘ಇತರೆ’ ಅಂದರೆ ಯಾರು, ಎಷ್ಟು ಜನ.